ಟ್ರೌಟ್ ಟ್ರೋಲಿಂಗ್: ಮೀನು ಕಚ್ಚುತ್ತಿಲ್ಲ ಅಂದರೆ ಲೂರ್ ಬದಲಾಯಿಸುವ ಮುಂಚೆ ಏನೇನು ನೋಡಬೇಕು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ನನ್ನ ಫೋನಿಗೆ ಒಂದು ಮೆಸೇಜ್ ಬಂದೇ ಬರುತ್ತದೆ. "ಎರಡು ಗಂಟೆಯಿಂದ ಸುತ್ತುತ್ತಿದ್ದೀವಿ, ಒಂದೂ ಕಚ್ಚಿಲ್ಲ. ಯಾವ ಕಲರ್ ಹಾಕ್ಲಿ?" ಕ್ಯಾಲಿಫೋರ್ನಿಯಾದ ಈ ಕಡೆ ಸಣ್ಣ ದೋಣಿ ಇಟ್ಟುಕೊಂಡಿರುವ ನಮ್ಮ ಗೆಳೆಯರೆಲ್ಲ ಡಾನರ್, ಟಾಹೋ, ಬೆರಿಯೆಸಾ ಅಂತ ಒಂದಲ್ಲ ಒಂದು ಕೆರೆಯಲ್ಲಿ ಇರುತ್ತಾರೆ. ಪ್ರಶ್ನೆ ಮಾತ್ರ ಎಲ್ಲರದ್ದೂ ಬಣ್ಣದ್ದೇ.

ನಾನು ಮಲೆನಾಡಿನವನು. ಹೊಳೆ ದಂಡೆಯಲ್ಲಿ ಎರೆಹುಳು ಚುಚ್ಚಿ, ಬೆಂಡು ಅಲ್ಲಾಡುವುದನ್ನೇ ನೋಡುತ್ತಾ ಕೂತು ಬೆಳೆದವನು. ಅಲ್ಲಿ ಕೆಲಸ ಅಂದರೆ ಕಾಯುವುದು. ಟ್ರೋಲಿಂಗ್‌ನಲ್ಲಿ ಹಾಗಲ್ಲ. ದೋಣಿಯನ್ನು ನಿಧಾನಕ್ಕೆ ಓಡಿಸುತ್ತಾ, ಹಿಂದೆ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಳೆದುಕೊಂಡು ಮೀನಿನ ಹತ್ತಿರ ನಾವೇ ಹೋಗಬೇಕು. ಹಾಗಾಗಿ ಎಡವಟ್ಟಾಗಲು ಜಾಗ ಜಾಸ್ತಿ. ಆಳ ತಪ್ಪಬಹುದು, ಸ್ಪೀಡ್ ತಪ್ಪಬಹುದು, ಲೂರ್ ಸರಿಯಾಗಿ ಆಡದೇ ಇರಬಹುದು. ಬಣ್ಣದ ಸರದಿ ಬರುವುದು ಇದೆಲ್ಲ ಆದಮೇಲೆ. ಕೆಳಗೆ ಬರೆದಿರುವುದೂ ಅದೇ ಸಾಲಿನಲ್ಲಿದೆ. ಕಾಸು ಖರ್ಚಿಲ್ಲದ್ದು ಮೊದಲು, ಅಂಗಡಿಗೆ ಹೋಗಬೇಕಾದ್ದು ಆಮೇಲೆ.

"ಬೆಳಿಗ್ಗೆಯಿಂದ ಒಂದೂ ಕಚ್ಚಿಲ್ಲ"

ದಾರ ಪೂರ್ತಿ ಒಳಗೆ ಎಳೆಯಿರಿ. ಗಾಳದ ತುದಿ ನೋಡಿ. ಹತ್ತರಲ್ಲಿ ಮೂರ್ನಾಲ್ಕು ಸಲ ಉತ್ತರ ಅಲ್ಲೇ ನೇತಾಡುತ್ತಿರುತ್ತದೆ: ಕೂದಲೆಳೆಯಷ್ಟು ಪಾಚಿ. ಅಷ್ಟು ಸಾಕು, ಸ್ಪೂನ್ (ಚಮಚದ ಆಕಾರದ ಲೋಹದ ಲೂರ್) ಅಲ್ಲಾಡುವುದೇ ನಿಂತುಹೋಗುತ್ತದೆ. ದಡದ ಹತ್ತಿರ ಓಡಿಸುತ್ತಿದ್ದರೆ ಕಾಲು ಗಂಟೆಗೊಮ್ಮೆ ಎಳೆದು ನೋಡಲೇಬೇಕು. ಬೇಜಾರಿನ ಕೆಲಸ, ಗೊತ್ತು.

ಎರಡನೆಯದು ದೋಣಿ ಪಕ್ಕದ ಪರೀಕ್ಷೆ. ದೋಣಿ ಓಡುತ್ತಿರುವಾಗಲೇ ಲೂರನ್ನು ಐದಾರು ಅಡಿ ದಾರದಲ್ಲಿ ಪಕ್ಕಕ್ಕೆ ಇಳಿಬಿಟ್ಟು ಕಣ್ಣಾರೆ ನೋಡಿ. ನೀಡಲ್‌ಫಿಷ್ ತರದ ತೆಳು ಸ್ಪೂನ್ ಗಾಯಗೊಂಡ ಮರಿಮೀನಿನ ಹಾಗೆ ಅತ್ತಿತ್ತ ಹೊರಳಬೇಕು, ಗಿರಗಿರ ತಿರುಗಬಾರದು. ಫ್ಲ್ಯಾಟ್‌ಫಿಷ್ ಅನ್ನುವ ಲೂರ್ ಸೊಂಟ ಕುಣಿಸಬೇಕು. ರಪಾಲಾ ತರದ ಮರಿಮೀನಿನ ಆಕಾರದ್ದು ನೇರವಾಗಿ ಬರಬೇಕು. ಅದು ಎಡಕ್ಕೋ ಬಲಕ್ಕೋ ಓರೆಯಾಗಿ ಓಡುತ್ತಿದ್ದರೆ ಮೂಗಿನ ತಂತಿಯ ಬಳೆಯನ್ನು ಇಕ್ಕಳದಲ್ಲಿ ಅದರ ವಿರುದ್ಧ ದಿಕ್ಕಿಗೆ ಒಂಚೂರು ಬಗ್ಗಿಸಿ. ಒಂಚೂರು ಅಂದರೆ ನಿಜಕ್ಕೂ ಒಂಚೂರು. ಜೋರು ಮಾಡಿದರೆ ಬಳೆ ಸಡಿಲವಾಗಿ ಲೂರ್ ಕೆಟ್ಟಹಾಗೆಯೇ.

ಲೂರ್ ಮುಂದೆ ಡಾಡ್ಜರ್ (ಮೀನಿನ ಕಣ್ಣು ಸೆಳೆಯುವ ಹೊಳೆಯುವ ತಗಡು) ಕಟ್ಟಿದ್ದರೆ ಅದನ್ನೂ ನೋಡಿ. ಡಾಡ್ಜರ್ ಬಾಲ ಬೀಸುವ ಹಾಗೆ ಎಡಬಲ ತೂಗಬೇಕು. ಪೂರ್ತಿ ಸುತ್ತು ಹಾಕುತ್ತಿದ್ದರೆ ಸ್ಪೀಡ್ ಜಾಸ್ತಿಯಾಗಿದೆ. ಸುಮ್ನೆ ತಟ್ಟೆ ತರ ಬಂದರೆ ಕಮ್ಮಿಯಾಗಿದೆ. ಇಷ್ಟು ಚೆನ್ನಾಗಿ ಸ್ಪೀಡ್ ಹೇಳುವ ಮೀಟರ್ ಇನ್ನೊಂದಿಲ್ಲ.

ಮೂರನೆಯದು ನಿಮ್ಮ ಕೈ. ಟ್ರೌಟ್‌ಗೆ ಮೂಗು ಬಲು ಚುರುಕು. ಪೆಟ್ರೋಲ್ ತುಂಬಿಸಿ, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ, ಅದೇ ಕೈಯಲ್ಲಿ ಹುಳು ಚುಚ್ಚಿದರೆ ಮೀನಿಗೆ ಮೊದಲು ಸಿಗುವುದು ಆ ವಾಸನೆ. ವಾಸನೆಯಿಲ್ಲದ ಸೋಪಿನಲ್ಲಿ ಕೈ ತೊಳೆದುಕೊಳ್ಳಿ. ಪೆಟ್ರೋಲ್ ಮುಟ್ಟುವ ಕೆಲಸ ಒಬ್ಬರಿಗೆ, ಗಾಳದ ಕೆಲಸ ಇನ್ನೊಬ್ಬರಿಗೆ ಅಂತ ಹಂಚಿಕೊಂಡರೆ ಇನ್ನೂ ಸುಲಭ.

"ಫಿಶ್ ಫೈಂಡರ್‌ನಲ್ಲಿ ಮೀನು ಕಾಣುತ್ತಿದೆ, ಆದರೆ ಕಚ್ಚುತ್ತಿಲ್ಲ"

ಫಿಶ್ ಫೈಂಡರ್ ಅಂದರೆ ಸದ್ದಿನ ಅಲೆಯಿಂದ ನೀರಿನೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಯಂತ್ರ. ಇದು ಮುಕ್ಕಾಲು ಪಾಲು ಆಳದ ಸಮಸ್ಯೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೇಸಿಗೆಯಲ್ಲಿ ಆಳವಾದ ಕೆರೆಯ ನೀರು ಪದರ ಪದರವಾಗಿ ನಿಲ್ಲುತ್ತದೆ. ಬಿಸಿ ನೀರು ಹಗುರ, ಅದು ಮೇಲೆ. ತಣ್ಣೀರು ಭಾರ, ಅದು ಕೆಳಗೆ. ನಡುವೆ ಉಷ್ಣತೆ ಸರ್ರನೆ ಇಳಿಯುವ ಒಂದು ಪಟ್ಟಿ ಇರುತ್ತದೆ. ಅದೇ ಥರ್ಮೋಕ್ಲೈನ್. ಫೈಂಡರ್‌ನ ಸೆನ್ಸಿಟಿವಿಟಿ ಜಾಸ್ತಿ ಮಾಡಿದರೆ ಕೆಲವು ಸಲ ಅದೇ ಒಂದು ಮಸುಕು ಗೆರೆಯಾಗಿ ಕಾಣುತ್ತದೆ. ರೇನ್‌ಬೋ ಟ್ರೌಟ್‌ಗೆ ಹಿತವಾದ ನೀರು ಸುಮಾರು 55ರಿಂದ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 13ರಿಂದ 16 ಸೆಲ್ಸಿಯಸ್. ಬ್ರೌನ್ ಟ್ರೌಟ್ ಇನ್ನೂ ಸ್ವಲ್ಪ ಬಿಸಿ ತಡೆಯುತ್ತದೆ. ಕೊಕನಿ ಅನ್ನುವ ಕೆರೆಯ ಸಾಲ್ಮನ್‌ಗೆ 50ರ ಆಸುಪಾಸು ಬೇಕು. ಮ್ಯಾಕಿನಾ ಅಂತ ಇಲ್ಲಿ ಕರೆಯುವ ಲೇಕ್ ಟ್ರೌಟ್‌ಗೆ 50ಕ್ಕಿಂತ ತಣ್ಣಗಿದ್ದರೂ ಸೈ.

ಹಾಗಾಗಿ ಏಪ್ರಿಲ್‌ನಲ್ಲಿ ಮೇಲಿನ ಹತ್ತು ಅಡಿಯಲ್ಲಿ ಚೆನ್ನಾಗಿ ಮೀನು ಕೊಟ್ಟ ಸ್ಪೂನ್ ಜುಲೈನಲ್ಲಿ ಅದೇ ಹತ್ತು ಅಡಿಯಲ್ಲಿ ಬರಿಗೈಯಲ್ಲಿ ವಾಪಸ್ ಬರುತ್ತದೆ. ಸ್ಪೂನ್‌ನದ್ದೇನೂ ತಪ್ಪಿಲ್ಲ. ಮೀನು ಕೆಳಗಿನ ಮಹಡಿಗೆ ಮನೆ ಬದಲಾಯಿಸಿದೆ, ಅಷ್ಟೇ. ಬೆರಿಯೆಸಾದಲ್ಲಿ ಬೇಸಿಗೆಯ ಮೇಲ್ನೀರು ಈಜುವವರಿಗೆ ಖುಷಿ ಕೊಡುವಷ್ಟು ಬೆಚ್ಚಗಿರುತ್ತದೆ. ಟ್ರೌಟ್ ಅಲ್ಲಿ ಏಕಿರುತ್ತದೆ ಹೇಳಿ? ಇನ್ನು ಟಾಹೋವನ್ನು ಕೆರೆ ಅನ್ನುವುದೇ ಒಂದು ತಮಾಷೆ. ಅದರ ಅತಿ ಆಳದ ಜಾಗ 501 ಮೀಟರ್. ಆ ಕೆರೆಯಲ್ಲಿ ಆಳ ಗೊತ್ತಿಲ್ಲದೆ ಲೂರ್ ಎಳೆಯುವುದು ಅಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಮೊದಲು ಮಾಡುವ ಪರೀಕ್ಷೆ ಇದು. ಮೀನಿನ ಗೆರೆಗಳು ಎಷ್ಟು ಅಡಿಯಲ್ಲಿವೆ ನೋಡಿ. ನಿಮ್ಮ ಲೂರ್ ಅದಕ್ಕಿಂತ ನಾಲ್ಕೈದು ಅಡಿ ಮೇಲೆ ಬರುವಂತೆ ಮಾಡಿ. ಟ್ರೌಟ್ ತಲೆಯೆತ್ತಿ ಬೇಟೆಯಾಡುತ್ತದೆ, ತಲೆ ತಗ್ಗಿಸಿ ಕೆಳಗಿನದನ್ನು ತಿನ್ನುವುದು ಅಪರೂಪ. ಲೂರ್ ಅದರ ಹೊಟ್ಟೆಯ ಕೆಳಗೆ ಹೋದರೆ ಹೋದದ್ದೇ ಗೊತ್ತಾಗುವುದಿಲ್ಲ.

ಆದರೆ ಲೂರ್ ಎಷ್ಟು ಆಳದಲ್ಲಿದೆ ಅಂತ ತಿಳಿಯುವುದು ಹೇಗೆ? ಸುಮ್ನೆ ಸಾದಾ ದಾರ ಬಿಟ್ಟಿದ್ದರೆ ಅದು ಅಂದುಕೊಂಡಷ್ಟು ಇಳಿಯುವುದೇ ಇಲ್ಲ. ನೂರು ಅಡಿ ದಾರ ಬಿಟ್ಟ ಹಗುರ ಸ್ಪೂನ್ ನೀರಿನ ಮೇಲ್ಭಾಗದಲ್ಲೇ ತೇಲುತ್ತಾ ಬರುತ್ತಿರುತ್ತದೆ. ಖರ್ಚು ಕಮ್ಮಿಯ ದಾರಿ ಲೆಡ್‌ಕೋರ್: ಒಳಗೆ ಸೀಸದ ಎಳೆ ಇರುವ ದಾರ, ಪ್ರತಿ ಹತ್ತು ಗಜಕ್ಕೆ ಬಣ್ಣ ಬದಲಾಗುತ್ತದೆ. ಒಂದು ಬಣ್ಣಕ್ಕೆ ಅಂದಾಜು ಐದು ಅಡಿ ಆಳ ಅಂತ ಲೆಕ್ಕ ಹಿಡಿಯಬಹುದು. ದೋಣಿ ನಿಧಾನವಾದರೆ ಇನ್ನೂ ಇಳಿಯುತ್ತದೆ, ಜೋರಾದರೆ ಏರುತ್ತದೆ. ನಾಲ್ಕೈದು ಬಣ್ಣಕ್ಕಿಂತ ಆಳ ಬೇಕಾದರೆ ಡೌನ್‌ರಿಗ್ಗರ್. ಕೇಬಲ್ ತುದಿಗೆ ಎಂಟು ಹತ್ತು ಪೌಂಡ್ ಗುಂಡು, ಗುಂಡಿನ ಹತ್ತಿರ ಕ್ಲಿಪ್, ಕ್ಲಿಪ್‌ಗೆ ನಿಮ್ಮ ದಾರ. ಮೀನು ಕಚ್ಚಿದಾಗ ದಾರ ಕ್ಲಿಪ್‌ನಿಂದ ಬಿಡಿಸಿಕೊಳ್ಳುತ್ತದೆ. ಇಲ್ಲೂ ಒಂದು ಮೋಸ ಇದೆ. ಓಡುವ ದೋಣಿಯಲ್ಲಿ ಕೇಬಲ್ ನೇರ ಕೆಳಗೆ ಇರುವುದಿಲ್ಲ, ಹಿಂದಕ್ಕೆ ವಾಲುತ್ತದೆ. ಬಿಟ್ಟ ಕೇಬಲ್ ಅಳೆಯುವ ಕೌಂಟರ್ 80 ಅಡಿ ಅಂದರೂ ಗುಂಡು ಅದಕ್ಕಿಂತ ಮೇಲೇ ಇರುತ್ತದೆ. ಫೈಂಡರ್‌ನಲ್ಲಿ ಗುಂಡು ಗೆರೆಯಾಗಿ ಕಂಡರೆ ಆ ಗೆರೆಯನ್ನು ನಂಬಿ, ಕೌಂಟರನ್ನಲ್ಲ.

ಆಳ ಸರಿ ಮಾಡಿದ ಮೇಲೂ ಇಪ್ಪತ್ತು ನಿಮಿಷದಲ್ಲಿ ಏನೂ ಆಗದಿದ್ದರೆ ಮುಂದಿನದಕ್ಕೆ ಹೋಗಿ.

"ಫೈಂಡರ್‌ನಲ್ಲೂ ಏನೂ ಇಲ್ಲ"

ಜಾಗ ಬಿಡಿ. ಇಲ್ಲದ ಮೀನಿಗೆ ಯಾವ ಲೂರ್ ಹಾಕಿದರೇನು. ಹೊಳೆ ಬಂದು ಸೇರುವ ಬಾಯಿ, ಅಣೆಕಟ್ಟಿನ ಹತ್ತಿರದ ಆಳ, ಗಾಳಿ ಬಡಿಯುವ ದಂಡೆ ಇವನ್ನು ಒಂದು ಸುತ್ತು ನೋಡಿ. ಒಂದು ಮಾತು ನೆನಪಿರಲಿ: ವಸಂತದಲ್ಲಿ ಹತ್ತು ಅಡಿಯೊಳಗಿನ ಮೀನು ದೋಣಿಯ ಸದ್ದಿಗೆ ಪಕ್ಕಕ್ಕೆ ಸರಿಯುತ್ತದೆ, ಹಾಗಾಗಿ ಫೈಂಡರ್‌ಗೆ ಸಿಗುವುದೇ ಇಲ್ಲ. ಆಗ ದಾರ ಉದ್ದ ಬಿಡಿ, ನೂರೈವತ್ತು ಅಡಿ ಬಿಟ್ಟರೂ ತಪ್ಪಿಲ್ಲ.

"ದೋಣಿ ತಿರುಗಿಸುವಾಗ ಮಾತ್ರ ಕಚ್ಚುತ್ತದೆ"

ಇದು ಸಮಸ್ಯೆಯಲ್ಲ, ಮೀನು ಬರೆದ ಚೀಟಿ. ದೋಣಿ ಎಡಕ್ಕೆ ತಿರುಗಿದಾಗ ಎಡಗಡೆಯ ಲೂರ್ ನಿಧಾನವಾಗಿ ಕೆಳಗಿಳಿಯುತ್ತದೆ. ಬಲಗಡೆಯದ್ದು ಜೋರಾಗಿ ಮೇಲೇರುತ್ತದೆ. ಒಳಗಿನ ರಾಡಿಗೆ ಬಿದ್ದರೆ ಮೀನು ಕೇಳುತ್ತಿರುವುದು ನಿಧಾನ, ಇಲ್ಲವೇ ಇನ್ನೂ ಆಳ. ಹೊರಗಿನದಕ್ಕೆ ಬಿದ್ದರೆ ಜೋರು, ಇಲ್ಲವೇ ಇನ್ನೂ ಮೇಲೆ. ನೇರವಾಗಿ ಓಡಿಸುವಾಗ ಅದನ್ನೇ ಕೊಡಿ.

ಎಲ್ಲಿಂದ ಶುರು ಮಾಡಬೇಕು? ಹುಳು ಎಳೆಯುತ್ತಿದ್ದರೆ ಗಂಟೆಗೆ 1ರಿಂದ 1.3 ಮೈಲಿ. ತೆಳು ಸ್ಪೂನ್‌ಗೆ 1.5ರಿಂದ 2. ಬ್ರೌನ್ ಟ್ರೌಟ್‌ಗೆ ಮರಿಮೀನಿನ ಲೂರ್ ಆದರೆ 2ರ ಮೇಲೂ ಹೋಗಬಹುದು. ಮಾಮೂಲಿ ತಪ್ಪು ಯಾವುದು ಗೊತ್ತಾ? ಒಂದು ದಾರಕ್ಕೆ ಹುಳು, ಇನ್ನೊಂದಕ್ಕೆ ಜೋರು ಓಡುವ ಲೂರ್ ಹಾಕಿ ಎರಡನ್ನೂ 1.6ರಲ್ಲಿ ಎಳೆಯುವುದು. ಇಬ್ಬರಿಗೂ ಊಟ ಸಿಗುವುದಿಲ್ಲ. ಒಂದೇ ಸ್ಪೀಡ್ ಇಷ್ಟಪಡುವ ಲೂರ್‌ಗಳನ್ನು ಜೊತೆ ಮಾಡಿ.

ಗಾಳಿಯ ದಿಕ್ಕಿನಲ್ಲಿ ಹೋಗುವಾಗ ಕಚ್ಚಿ, ವಾಪಸ್ ಬರುವಾಗ ಕಚ್ಚದಿದ್ದರೂ ಇದೇ ಕಥೆ. ಎಂಜಿನ್ ಅಷ್ಟೇ ತಿರುಗುತ್ತಿದ್ದರೂ ದೋಣಿಯ ಸ್ಪೀಡ್ ಬೇರೆಯಾಗಿರುತ್ತದೆ. ಫೋನಿನ ಜಿಪಿಎಸ್ ಸಾಕು, ನೋಡಿಕೊಳ್ಳಬಹುದು. ಎಂಜಿನ್ 2ಕ್ಕಿಂತ ನಿಧಾನ ಹೋಗುವುದೇ ಇಲ್ಲ ಅನ್ನುವವರು ಹಿಂದೆ ಒಂದು ಟ್ರೋಲಿಂಗ್ ಬ್ಯಾಗ್ ಕಟ್ಟಿ. ನೀರಿನಲ್ಲಿ ಬಿಚ್ಚಿಕೊಂಡು ದೋಣಿಯನ್ನು ಹಿಡಿದೆಳೆಯುವ ಬಟ್ಟೆಯ ಚೀಲ ಅದು. ಅದರ ಹಗ್ಗ ಪ್ರೊಪೆಲ್ಲರ್‌ಗೆ ಸಿಗದಷ್ಟು ಗಿಡ್ಡ ಇರಲಿ.

"ಅದೇ ಲೂರ್, ಅದೇ ಬಣ್ಣ, ಪಕ್ಕದವರ ರಾಡಿಗೆ ಮಾತ್ರ ಬೀಳುತ್ತದೆ"

ಒಂದು ಜೂನ್ ತಿಂಗಳಲ್ಲಿ ಡಾನರ್‌ನಲ್ಲಿ ನನಗೇ ಆದದ್ದು. ಗೆಳೆಯನ ದೋಣಿ. ಅವನ ಹೆಂಡತಿಗೆ ಅವತ್ತೇ ಮೊದಲ ಸಲ ಗಾಳ ಹಿಡಿದದ್ದು. ಇಬ್ಬರದ್ದೂ ಒಂದೇ ಪ್ಯಾಕೆಟ್‌ನಿಂದ ತೆಗೆದ ಕಿತ್ತಳೆ ಸ್ಪೂನ್, ಇಬ್ಬರದ್ದೂ ಮೂರು ಬಣ್ಣ ಲೆಡ್‌ಕೋರ್. ಒಂಬತ್ತು ಗಂಟೆಯೊಳಗೆ ಅವರು ನಾಲ್ಕು ಎಳೆದರು. ನಾನು ಸೊನ್ನೆ. "ಅಣ್ಣ, ರಾಡ್ ಬದಲಾಯಿಸಿಕೊಳ್ಳೋಣ್ವಾ?" ಅಂತ ಅವರು ಕೇಳಿದ್ದು ಪಾಪ ಕನಿಕರದಿಂದಲೇ. ನನಗೆ ಮೈ ಉರಿಯಿತು.

ಕೊನೆಗೆ ಎರಡೂ ಸ್ಪೂನ್ ಪಕ್ಕಪಕ್ಕ ನೀರಿಗಿಳಿಸಿ ನೋಡಿದೆ. ಅವರದ್ದು ಚಡಪಡಿಸುತ್ತಿತ್ತು. ನನ್ನದು ಪಾತ್ರೆ ತೊಳೆಯುವ ನೀರಿನಲ್ಲಿ ಜಾರಿ ಬಿದ್ದ ಚಮಚದ ತರ ಸುಮ್ಮನೆ ಬರುತ್ತಿತ್ತು. ವ್ಯತ್ಯಾಸ ಇಷ್ಟೇ: ಅವರ ಸ್ಪೂನ್ ಆರು ಪೌಂಡ್ ಎಳೆತ ತಡೆಯುವ ತೆಳು ಫ್ಲೋರೋಕಾರ್ಬನ್ ಲೀಡರ್‌ಗೆ (ಲೂರ್ ಮುಂದಿನ ದಾರದ ತುಂಡಿಗೆ) ಸಣ್ಣ ಸ್ನ್ಯಾಪ್ ಕೊಂಡಿಯಲ್ಲಿ ಸೇರಿತ್ತು. ನಾನು ಹಿಂದಿನ ವಾರ ಬಾಸ್ ಹಿಡಿಯಲು ಕಟ್ಟಿದ್ದ ಹನ್ನೆರಡು ಪೌಂಡ್ ದಾರವನ್ನೇ ಉಳಿಸಿಕೊಂಡು, ತುದಿಗೆ ಗಡವ ಸ್ನ್ಯಾಪ್ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿದ್ದೆ. ಸ್ಪೂನ್‌ಗಿಂತ ಸ್ವಿವೆಲ್ಲೇ ಭಾರ. ಮೂಗಿಗೆ ಕಲ್ಲು ಕಟ್ಟಿದ ಮೀನು ಹೇಗೆ ಆಡೀತು?

ಹಾಗಾಗಿ ಇದನ್ನು ನೋಡಿ: ತೆಳು ಸ್ಪೂನ್‌ಗೆ 6ರಿಂದ 8 ಪೌಂಡ್ ಲೀಡರ್, ಅಗಲ ಬಾಯಿಯ ಪುಟ್ಟ ಸ್ನ್ಯಾಪ್. ಸ್ವಿವೆಲ್ ಬೇಕಾದರೆ ಮೂರ್ನಾಲ್ಕು ಅಡಿ ಮೇಲಿರಲಿ. ಡಾಡ್ಜರ್ ಕಟ್ಟಿದ್ದರೆ ಅದರಿಂದ ಲೂರ್‌ಗೆ ಎಷ್ಟು ದೂರ ಅಂತ ಅಳೆಯಿರಿ. ಕೊಕನಿಗೆ ಸುಮಾರು ಒಂದು ಅಡಿಯೊಳಗೆ, ಹತ್ತಿರ. ರೇನ್‌ಬೋಗೆ ಒಂದೂವರೆ ಎರಡು ಅಡಿ. ಕೊಕನಿಗೆ ಕಟ್ಟಿದ ಲೀಡರನ್ನೇ ರೇನ್‌ಬೋಗೆ ಎಳೆಯುವವರು ಬಹಳ.

ಇದೂ ಸರಿಯಿದ್ದರೆ ಎರಡೂ ದಾರದ ಉದ್ದ ಹೋಲಿಸಿ. ಹತ್ತಿಪ್ಪತ್ತು ಅಡಿ ವ್ಯತ್ಯಾಸ ಸಾಕು.

"ಟಕ್ ಅಂತ ಬಡಿದು ಬಿಟ್ಟುಬಿಡುತ್ತದೆ"

ಇಲ್ಲಿಗೆ ಬಂದಿರಿ ಅಂದರೆ ಆಳ ಸ್ಪೀಡ್ ಎರಡೂ ಸರಿಯಿವೆ. ಮೊದಲು ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರಬೇಕು. ಜಾರಿದರೆ ಮೊಂಡಾಗಿದೆ, ಅರದಿಂದ ತೀಡಿ ಇಲ್ಲವೇ ಬದಲಾಯಿಸಿ. ಆಮೇಲೆ ಡ್ರ್ಯಾಗ್, ಅಂದರೆ ರೀಲ್ ದಾರವನ್ನು ಹಿಡಿದಿಡುವ ಬಿಗಿ. ಟ್ರೌಟ್ ಬಾಯಿ ಮೆದು. ರೀಲ್ ಬಿಗಿ ಇದ್ದರೆ ಕಚ್ಚಿದ ಏಟಿಗೇ ಬಾಯಿ ಹರಿದು ಹೋಗುತ್ತದೆ. ಕೈಯಲ್ಲಿ ಎಳೆದರೆ ಕುಯ್ ಅಂತ ಬರುವಷ್ಟು ಸಡಿಲ ಇಡಿ. ಕಚ್ಚಿದ ತಕ್ಷಣ ರಾಡನ್ನು ಜೋರಾಗಿ ಸೆಳೆಯುವ ಚಟ ಇದ್ದರೆ ಬಿಡಿ, ಓಡುತ್ತಿರುವ ದೋಣಿಯೇ ಆ ಕೆಲಸ ಮಾಡಿಕೊಡುತ್ತದೆ.

ಹುಳು ಹಾಕಿದ್ದರೆ ವಾಪಸ್ ಬಂದದ್ದನ್ನು ನೋಡಿ. ಅರ್ಧ ಕಚ್ಚಿ ತಿಂದಿದ್ದರೆ ಹುಳು ಉದ್ದ ಜಾಸ್ತಿ. ಕೊಕ್ಕೆಯ ಹಿಂದೆ ಒಂದಿಂಚು ಮಾತ್ರ ನೇತಾಡಲಿ. ಸ್ಪೂನ್ ಆದರೆ ಒಂದು ಸೈಜ್ ಚಿಕ್ಕದಕ್ಕೆ ಇಳಿಯಿರಿ. ಬಣ್ಣ ಬೇಡ, ಸೈಜ್.

"ದಾರವೆಲ್ಲ ಸುರುಳಿ ಸುತ್ತಿಕೊಂಡಿದೆ"

ಊರಲ್ಲಿ ಕಲಿತ ಕೈ ಇಲ್ಲಿ ಕೈಕೊಡುತ್ತದೆ. ನಾವು ಎರೆಹುಳುವನ್ನು ಮಡಚಿ ಮಡಚಿ ಉಂಡೆ ಮಾಡಿ ಚುಚ್ಚಿದವರು. ನಿಂತ ನೀರಿಗೆ ಅದು ಸರಿ. ಎಳೆಯುವಾಗ ಉಂಡೆ ಬುಗುರಿಯಂತೆ ತಿರುಗಿ ದಾರವನ್ನು ಹುರಿ ಮಾಡಿಬಿಡುತ್ತದೆ. ಟ್ರೋಲಿಂಗ್‌ಗೆ ನೈಟ್‌ಕ್ರಾಲರ್ ಅನ್ನುವ ದಪ್ಪ ಹುಳುವಿನ ಅರ್ಧ ಭಾಗ ತೆಗೆದು, ಸೂಜಿಗೆ ಹೂ ಪೋಣಿಸಿದ ಹಾಗೆ ಕೊಕ್ಕೆಯ ಮೇಲೆ ನೇರವಾಗಿ ಏರಿಸಿ. ಮಣಿ ಮತ್ತು ಸಣ್ಣ ರೆಕ್ಕೆಯ ವೆಡ್ಡಿಂಗ್ ರಿಂಗ್ ತರದ ಸ್ಪಿನ್ನರ್ ಹಿಂದೆ ಇದು ಎಂದಿಗೂ ಹಳತಾಗದ ಜೋಡಿ.

ಇನ್ನೊಂದು. ಡಬ್ಬಿಯಲ್ಲಿ ಬರುವ ಮಿಂಚು ಹಿಟ್ಟಿನ ಎರೆ ನೋಡಿ ಆಸೆಪಟ್ಟು ಕೊಂಡು ತರುತ್ತಾರೆ. ಅದು ದಂಡೆಯಲ್ಲಿ ಕೂತು ಹಿಡಿಯುವವರಿಗೆ. ತೇಲಲೆಂದೇ ಮಾಡಿದ್ದು, ಎಳೆದರೆ ಐದು ನಿಮಿಷದಲ್ಲಿ ಉದುರಿ ಹೋಗುತ್ತದೆ.

ಸುರುಳಿಯಾದ ದಾರ ಬಿಡಿಸಲು ತುದಿಯ ಲೂರ್, ಸ್ವಿವೆಲ್ ಎಲ್ಲ ಕತ್ತರಿಸಿ, ಬರೀ ದಾರವನ್ನು ಓಡುವ ದೋಣಿಯ ಹಿಂದೆ ನೂರು ಅಡಿ ಬಿಟ್ಟು ಕೆಲವು ನಿಮಿಷ ಎಳೆಯಿರಿ. ತಾನಾಗಿ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ತುಂಡು ಜೇಬಿಗೆ, ನೀರಿಗಲ್ಲ.

"ಎಲ್ಲಾ ನೋಡಿಯಾಯ್ತು, ಈಗಾದರೂ ಬಣ್ಣ ಹೇಳಿ"

ಸರಿ, ಈಗ ಬಣ್ಣ. ನೀರಿನಲ್ಲಿ ಇಳಿದಂತೆ ಮೊದಲು ಸಾಯುವುದು ಕೆಂಪು. ಇಪ್ಪತ್ತು ಅಡಿ ದಾಟುವಷ್ಟರಲ್ಲಿ ನಿಮ್ಮ ಕೆಂಪು ಸ್ಪೂನ್ ಮಂಕು ಬೂದಿಯಂತೆ ಕಾಣುತ್ತದೆ. ಹಸಿರು, ನೀಲಿ ಬಹಳ ಆಳದವರೆಗೆ ಉಳಿಯುತ್ತವೆ. ಆಳಕ್ಕೆ ಅವು, ಜೊತೆಗೆ ಹೊಳೆಯುವ ಬಣ್ಣ ಬಳಿದದ್ದು. ಮೇಲ್ನೀರಲ್ಲಿ, ಮುಂಜಾನೆಗೆ ಕಿತ್ತಳೆ ಕೆಂಪು. ತಿಳಿನೀರು ಮತ್ತು ಬಿಸಿಲಿಗೆ ಬೆಳ್ಳಿ. ಮೋಡ ಕವಿದಾಗ, ಕದಡಿದ ನೀರಿಗೆ ತಾಮ್ರ ಅಥವಾ ಚಿನ್ನದ ಬಣ್ಣ. ಬೆಳಕೇ ಇಲ್ಲದ ಹೊತ್ತಿಗೆ ಕಪ್ಪು ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಳಗಿನಿಂದ ನೋಡುವ ಮೀನಿಗೆ ಆಕಾರ ಎದ್ದು ಕಾಣುತ್ತದೆ.

ಬದಲಾಯಿಸುವಾಗ ಒಂದು ರಾಡಿನದ್ದು ಮಾತ್ರ ಬದಲಾಯಿಸಿ, ಇನ್ನೊಂದು ಹಾಗೇ ಇರಲಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಎರಡು ರಾಡ್ ಹಾಕಲು ಸೆಕೆಂಡ್ ರಾಡ್ ವ್ಯಾಲಿಡೇಷನ್ ಅಂತ ಬೇರೆ ದುಡ್ಡು ಕಟ್ಟಬೇಕು. 16 ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕೇ ಬೇಕು. ಎರೆ, ಮುಳ್ಳಿಲ್ಲದ ಕೊಕ್ಕೆ, ಎಷ್ಟು ಮೀನು ಅನ್ನುವ ನಿಯಮ ಕೆರೆಯಿಂದ ಕೆರೆಗೆ ಬೇರೆ. ಹೊರಡುವ ಮುಂಚೆ ಓದಿಕೊಳ್ಳಿ.

ಯಾವಾಗ ಎಲ್ಲಾ ಬಿಟ್ಟು ದಡಕ್ಕೆ ಬರಬೇಕು

ಅಲೆಗೆ ಬಿಳಿ ನೊರೆ ಬರತೊಡಗಿದರೆ. ಬೆಟ್ಟದ ಕೆರೆಗಳಲ್ಲಿ ಮಧ್ಯಾಹ್ನದ ಗಾಳಿ ಹೇಳದೆ ಕೇಳದೆ ಬರುತ್ತದೆ, ಟ್ರೋಲಿಂಗ್ ದೋಣಿಯಲ್ಲಿ ಹಿಂದೆ ದಾರ, ಗುಂಡು ಎಲ್ಲ ಇಳಿಬಿಟ್ಟಿರುತ್ತೀರಿ. ಮೊದಲು ಗುಂಡು ಎತ್ತಿ. ಗುಂಡು ತಳಕ್ಕೆ ಸಿಕ್ಕಿಹಾಕಿಕೊಂಡು ದೋಣಿಯ ಹಿಂಭಾಗ ತಗ್ಗುತ್ತಿದ್ದರೆ ಕೇಬಲ್ ಕತ್ತರಿಸಿಬಿಡಿ, ಗುಂಡಿನ ಮುಖ ನೋಡಬೇಡಿ. ಅದಕ್ಕೇ ಕೇಬಲ್ ಕತ್ತರಿಸುವ ಕಟ್ಟರ್ ಕೈಗೆ ಸಿಗುವಂತಿರಬೇಕು.

ತಣ್ಣೀರಿಗೆ ಬಿದ್ದವರಿಗೆ ಮೊದಲ ನಿಮಿಷ ಉಸಿರೇ ಹತೋಟಿಗೆ ಬರುವುದಿಲ್ಲ. ಈಜು ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಲಿ. 13 ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಅದು ಕಾನೂನು ಕೂಡ. ಎಂಜಿನ್ ನಿಲ್ಲಿಸುವ ಕೆಂಪು ಹುರಿ ಚಾಲಕನ ಮೈಗೆ ಸಿಕ್ಕಿಸಿರಲಿ.

ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ಬಿಸಿಲಿನ ಮೇಲೆ ಹಾಕಬೇಡಿ. ನಿಧಾನ ಓಡುವಾಗ, ಅದರಲ್ಲೂ ಹಿಂದಿನಿಂದ ಗಾಳಿ ಇದ್ದಾಗ, ಎಂಜಿನ್ ಹೊಗೆ ದೋಣಿಯೊಳಗೇ ಸುತ್ತುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಎಂಜಿನ್ ಆರಿಸಿ, ಎಲ್ಲರನ್ನೂ ಶುದ್ಧ ಗಾಳಿಗೆ ತನ್ನಿ, ಬೇಗ ಸರಿಹೋಗದಿದ್ದರೆ 911.

ಕೊಕ್ಕೆ ಬೆರಳಿಗೆ ಚುಚ್ಚಿ ಮುಳ್ಳು ಒಳಗೆ ಹೋಗಿದ್ದರೆ ದಾರ ಕತ್ತರಿಸಿ, ಕೊಕ್ಕೆ ಅಲ್ಲಾಡದಂತೆ ಬಟ್ಟೆ ಸುತ್ತಿ ಡಾಕ್ಟರ ಹತ್ತಿರ ಹೋಗಿ. ಕಣ್ಣು, ಕಣ್ಣಿನ ಸುತ್ತಮುತ್ತ ಆದರೆ ಮುಟ್ಟಲೇಬೇಡಿ, ನೇರ ಎಮರ್ಜೆನ್ಸಿಗೆ.

ಇನ್ನು ಮೀನು ಸಿಗದ ವಿಷಯಕ್ಕೆ. ಎರಡು ದಿನ ಹೀಗೆಲ್ಲ ನೋಡಿಯೂ ಬರಿಗೈ ಆದರೆ ಕೆರೆ ದಂಡೆಯ ಎರೆ ಅಂಗಡಿಯವರನ್ನು ಕೇಳಿ. ಅರ್ಧ ದಿನಕ್ಕೆ ಗೈಡ್ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಲೂರ್‌ಗೆ ಸುರಿಯುವ ದುಡ್ಡಿನಲ್ಲಿ ಅದು ಆಗುತ್ತದೆ. ಆದರೆ ಅಂಗಡಿಯಲ್ಲಿ ಕೇಳುವಾಗ "ಎಷ್ಟು ಆಳ? ಎಷ್ಟು ಸ್ಪೀಡ್? ಬೆಳಿಗ್ಗೆ ಎಷ್ಟು ಗಂಟೆವರೆಗೆ?" ಅಂತ ಕೇಳಿ. ಯಾವ ಕಲರ್ ಅಂದರೆ ಅವರು ಗೋಡೆ ತುಂಬ ನೇತಾಡುತ್ತಿರುವ ಲೂರ್‌ಗಳ ಕಡೆ ಕೈ ತೋರಿಸುತ್ತಾರೆ.